ಪುಟದಲ್ಲಿ ಇಲ್ಲದ ಸಾಲು

ಬ್ರೈಲ್ ಪುಸ್ತಕಗಳನ್ನು ಅಚ್ಚು ಹಾಕುವ ಆ ಮುದ್ರಣಾಲಯದ ಹಿಂಬದಿಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಒಂದು ಕುರ್ಚಿಯಲ್ಲಿ ಕೂತು ಅವಳು ಮೂಲ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು. ಎದುರಿನ ಕುರ್ಚಿಯಲ್ಲಿ ಪ್ರೂಫ್ ಮಾಸ್ತರು ಕೂತು, ಅದೇ ಮಾತು ಉಬ್ಬುಚುಕ್ಕಿಗಳಲ್ಲಿ ಸರಿಯಾಗಿ ಬಂದಿದೆಯೇ ಎಂದು ದಪ್ಪ ಹಾಳೆಯ ಮೇಲೆ ಬೆರಳಾಡಿಸಿ ನೋಡಬೇಕು. ಸಾಲು ಸರಿಯಿದ್ದರೆ ಅವರು "ಹೂಂ, ಮುಂದೆ" ಅನ್ನುತ್ತಾರೆ. ತಪ್ಪಿದ್ದರೆ "ನಿಲ್ಸಿ" ಅನ್ನುತ್ತಾರೆ. ಎರಡು ವರ್ಷದಿಂದ ಅವರಿಬ್ಬರ ಸಂಸಾರ ನಡೆದದ್ದು ಈ ಎರಡು ಮಾತಿನ ಮೇಲೆ.

ಸಂಸಾರ ಎಂಬುದು ಅವಳು ಮನಸ್ಸಿನಲ್ಲೇ ಇಟ್ಟುಕೊಂಡ ಹೆಸರು. ಬಾಯಿಬಿಟ್ಟು ಯಾರಿಗೂ ಹೇಳಿದ್ದಿಲ್ಲ.

ಅವಳಿಗೆ ನಲವತ್ತು ದಾಟಿತ್ತು. ಮದುವೆಯ ಮಾತುಗಳೆಲ್ಲ ಬಂದ ದಾರಿಯಲ್ಲೇ ಹಿಂದಿರುಗಿದ್ದವು. ಅಪ್ಪನ ದೃಷ್ಟಿ ಮಂದವಾದ ಮೇಲೆ ಪತ್ರಿಕೆ, ಪ್ರಾರ್ಥನೆಯ ಪುಸ್ತಕ, ಔಷಧದ ಸೀಸೆಯ ಮೇಲಿನ ಸಣ್ಣಕ್ಷರ, ಎಲ್ಲವನ್ನೂ ಓದಿ ಹೇಳಿದವಳು ಅವಳೇ. ಅಪ್ಪ ತೀರಿಕೊಂಡಾಗ ಮನೆ ಖಾಲಿಯಾದದ್ದಕ್ಕಿಂತ ಅವಳ ದನಿ ಖಾಲಿಯಾದದ್ದೇ ಹೆಚ್ಚು. ಓದಿದರೆ ಕೇಳುವ ಕಿವಿಯಿಲ್ಲ. ಹಾಗಿರುವಾಗ ದೇವರು ಈ ಕೆಲಸವನ್ನು ತೋರಿಸಿದ. ಮೊದಲ ದಿನವೇ ಮಾಸ್ತರು ತಲೆ ಓರೆ ಮಾಡಿ ಕೇಳಿ, "ಏನ್ರೀ, ಗಂಟಲಲ್ಲಿ ರೇಡಿಯೋ ಇಟ್ಕೊಂಡಿದೀರಾ?" ಅಂದರು. ಅಂದಿನಿಂದ ಅವಳು ರೇಡಿಯೋ.

"ರೇಡಿಯೋ, ಇವತ್ತು ಸ್ಟೇಷನ್ ಯಾಕೋ ಕೊರಕೊರ ಅಂತಿದೆ."

"ನೆಗಡಿ ಮಾಸ್ತ್ರೇ."

"ನೆಗಡಿ ಅಲ್ಲ. ಬೆಳಗ್ಗೆ ಯಾರ ಹತ್ರಾನೋ ಜಗಳ ಆಡಿ ಬಂದಿದೀರಿ."

ಬಸ್ಸಿನ ಕಂಡಕ್ಟರನ ಜೊತೆ ಚಿಲ್ಲರೆ ವಿಷಯಕ್ಕೆ ಜಗಳವಾಡಿದ್ದು ನಿಜವೇ ಆಗಿತ್ತು.

ಮಾಸ್ತರಿಗೆ ಹುಟ್ಟಿನಿಂದ ಕಣ್ಣು ಕಾಣದು. ಆದ್ದರಿಂದ ಅವರನ್ನು ಕದ್ದು ನೋಡುವ ಅಗತ್ಯವೇ ಇರಲಿಲ್ಲ. ಆದರೂ ಅವಳು ಕದ್ದೇ ನೋಡುತ್ತಿದ್ದಳು. ಕಿವಿಯ ಮೇಲಿನ ನರೆ, ಇಸ್ತ್ರಿಯಿಲ್ಲದ ಕಾಲರು, ಹಾಳೆಯ ಮೇಲೆ ಎಡದಿಂದ ಬಲಕ್ಕೆ ಜಾರುವ ಆ ಬಲಗೈ ತೋರುಬೆರಳು. ಆ ಬೆರಳಿನಿಂದ ಒಂದು ಚುಕ್ಕಿಯೂ ತಪ್ಪಿಸಿಕೊಂಡಿದ್ದಿಲ್ಲ. ಹಾಳೆಯನ್ನು ಎಷ್ಟು ಹಗುರವಾಗಿ ಮುಟ್ಟುತ್ತಿತ್ತೆಂದರೆ, ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡಿದ ಹಾಗೆ.

"ಓದೋದು ಬಿಟ್ಟು ಏನು ನೋಡ್ತಾ ಇದೀರಿ?" ಎಂದು ಒಂದು ದಿನ ಅವರು ಕೇಳಿಯೇಬಿಟ್ಟರು.

"ಪುಸ್ತಕ."

"ಪುಸ್ತಕ ನೋಡಿದ್ರೆ ದನಿ ಮೇಜಿನ ಕಡೆ ಹೋಗುತ್ತೆ. ಈಗ ನೇರ ನನ್ನ ಮುಖಕ್ಕೆ ಬಂತು."

ಅವಳ ಕೆನ್ನೆ ಬಿಸಿಯಾಯಿತು. ಅದನ್ನು ಕಾಣಲಾರದ ಮನುಷ್ಯನೆದುರು ನಾಚಿಕೊಂಡು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ಮಾಸ್ತರು ನಗುತ್ತಿದ್ದರು.

ಇಷ್ಟೇ. ಎರಡು ವರ್ಷದಲ್ಲಿ ಇದಕ್ಕಿಂತ ಮುಂದೆ ಒಂದಿಂಚೂ ಹೋಗಿರಲಿಲ್ಲ. ಅವರಾಗಿ ಹೇಳುವವರಲ್ಲ, ತಾನಾಗಿ ಹೇಳಲು ಬಾಯಿಲ್ಲ. ಕೊನೆಗೆ ಅವಳಿಗೆ ಒಂದು ಉಪಾಯ ಹೊಳೆಯಿತು. ತನಗೆ ಬಾಯಿ ಬರುವುದು ಓದುವಾಗ ಮಾತ್ರವಲ್ಲವೇ? ಹಾಗಾದರೆ ಓದಿಯೇ ಹೇಳಿಬಿಡೋಣ.

ಆಗ ಕೈಯಲ್ಲಿದ್ದದ್ದು ಒಂದು ದೋಣಿಯ ಕಾದಂಬರಿ. ದಿನವೂ ಹೊಳೆ ದಾಟಿ ಕೆಲಸಕ್ಕೆ ಹೋಗುವ ಹೆಂಗಸು, ಅವಳನ್ನು ದಾಟಿಸುವ ಅಂಬಿಗ. ಐದನೆಯ ಅಧ್ಯಾಯದಲ್ಲಿ, "ಹುಟ್ಟು ನೀರಿಗೆ ಬಿತ್ತು. ದೋಣಿ ಮೆಲ್ಲಗೆ ತಿರುಗಿತು" ಎಂಬ ಎರಡು ವಾಕ್ಯಗಳ ನಡುವೆ ಅವಳು ತನ್ನದೊಂದನ್ನು ಸೇರಿಸಿ ಓದಿದಳು.

"ಹುಟ್ಟು ನೀರಿಗೆ ಬಿತ್ತು. ಎದುರು ಕುಳಿತವನ ಕೈಗಳನ್ನು ನೋಡುತ್ತ ನೋಡುತ್ತ, ಆಚೆ ದಡ ಬಾರದೇ ಇರಲಿ ದೇವರೇ ಎಂದು ಅವಳು ಬೇಡಿಕೊಂಡಳು."

ಓದಿ ನಿಲ್ಲಿಸಿದಳು. ಈಗ ಅವರು "ನಿಲ್ಸಿ" ಅನ್ನಬೇಕು. ಇದು ಇಲ್ಲಿ ಇಲ್ಲವಲ್ಲ, ಎಲ್ಲಿಂದ ಬಂತು ಎಂದು ಕೇಳಬೇಕು. ಆಗ ತಾನು ಸುಮ್ಮನಿರಬೇಕು. ಆ ಮೌನದಲ್ಲಿ ಅವರಿಗೆ ತಿಳಿಯಬೇಕು. ಹೀಗೆಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದಳು.

ಮಾಸ್ತರ ಬೆರಳು ಸಾಲಿನ ಮೇಲೆ ನಿಧಾನವಾಗಿ ಸರಿಯಿತು. ತುಟಿಯ ಕೊನೆಯಲ್ಲಿ ಏನೋ ಒಂದು ಸಣ್ಣಗೆ ಅರಳಿತು.

"ಲೇಖಕರು ಚೆನ್ನಾಗಿ ಬರ್ದಿದಾರೆ ರೀ" ಅಂದರು. "ಹೂಂ, ಮುಂದೆ."

ಅವಳು ಮುಂದೆ ಓದಿದಳು. ಏನು ಓದಿದಳೋ ಅವಳಿಗೇ ಗೊತ್ತಿಲ್ಲ.

ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಯೋಚಿಸಿದಳು. ಪುಟದಲ್ಲಿ ಆ ಸಾಲಿಲ್ಲವೆಂಬುದು ಆ ಬೆರಳಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿದೆ. ಗೊತ್ತಾಗಿಯೂ ಲೇಖಕರ ತಲೆಗೆ ಕಟ್ಟಿ ದಾಟಿಬಿಟ್ಟರು. ಮರ್ಯಾದಸ್ಥ ಮನುಷ್ಯ ಬೇಡ ಅನ್ನುವುದೇ ಹೀಗೆ. ನೋಯಿಸದೆ, ನಗುತ್ತಾ, ಮುಂದೆ ಅಂದುಬಿಡುವುದು. ಅಪ್ಪನ ಫೋಟೋದ ಕಡೆ ನೋಡಿ, "ನಿಮ್ಮ ಮಗಳಿಗೆ ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾಪ್ಪಾ?" ಎಂದು ಕೇಳಿದಳು. ಫೋಟೋದಲ್ಲಿ ಅಪ್ಪ ಎಂದಿನಂತೆ ಕನ್ನಡಕದ ಮೇಲಿಂದ ನೋಡುತ್ತಿದ್ದರು.

ಮರುದಿನದಿಂದ ರೇಡಿಯೋ ಹವಾಮಾನ ವರದಿ ಓದತೊಡಗಿತು. ನಗುವಿಲ್ಲ, ಏರಿಳಿತವಿಲ್ಲ.

"ಏನ್ರೀ, ಸ್ಟೇಷನ್ ಬದಲಾಯ್ತಾ?"

"ಓದೋದು ಸರಿಯಾಗಿ ಕೇಳಿಸ್ತಿದೆಯಲ್ಲ ಮಾಸ್ತ್ರೇ? ಅಷ್ಟು ಸಾಕು."

ಅವರು ಬಲಗೈಯನ್ನು ಮೇಜಿನ ಕೆಳಗೆ ಇಳಿಸಿ ಜಾಡಿಸಿಕೊಂಡರು. ಈಚೆಗೆ ಹಾಗೆ ಜಾಡಿಸಿಕೊಳ್ಳುವುದು ಹೆಚ್ಚಾಗಿತ್ತು. ಸಿಟ್ಟಿನಲ್ಲಿದ್ದವಳು ಅದನ್ನು ಗಮನಿಸಲಿಲ್ಲ.

ಆ ವಾರವೇ ಮ್ಯಾನೇಜರು ಒಂದು ಗಣಿತದ ಪುಸ್ತಕ ಹಿಡಿದುಕೊಂಡು ಕೋಣೆಗೆ ನುಗ್ಗಿದರು. ಶಾಲೆಯಿಂದ ವಾಪಸು ಬಂದಿತ್ತು. ಒಂದು ಲೆಕ್ಕದಲ್ಲಿ ಎಂಟು ಇರಬೇಕಾದ ಕಡೆ ಒಂದು ಚುಕ್ಕಿ ಮೂಡದೆ ಅದು ಐದಾಗಿತ್ತು. ಇಡೀ ತರಗತಿ ತಪ್ಪು ಉತ್ತರ ಹಿಡಿದುಕೊಂಡು ಕೂತಿತ್ತಂತೆ.

"ಎಂಟನ್ನ ಐದು ಅಂತ ಓದಿದ್ದು ಯಾರಮ್ಮಾ? ಮಾಸ್ತರ ಬೆರಳು ತಪ್ಪಲ್ಲ, ಅದು ನಂಗೊತ್ತು."

ಅವಳು ಮಾಸ್ತರ ಮುಖ ನೋಡಿದಳು. ಅವರು ಒಂದು ಮಾತಾಡಿದ್ದರೆ ಸಾಕಿತ್ತು. ಅವರು ಆಡಲಿಲ್ಲ. ತಲೆ ತಗ್ಗಿಸಿ ಕೂತಿದ್ದರು. ಮ್ಯಾನೇಜರು ಹೋದ ಮೇಲೆ, "ರೇಡಿಯೋ..." ಎಂದು ಶುರು ಮಾಡಿದರು.

"ಓದೋಣ ಮಾಸ್ತ್ರೇ. ಕೆಲಸ ಬಿದ್ದಿದೆ" ಎಂದು ಅವಳು ಹಾಳೆಯೊಂದನ್ನು ಅವರ ಮುಂದೆ ಪಟ್ಟೆಂದು ಇಟ್ಟಳು. ಇಟ್ಟ ರಭಸಕ್ಕೆ ಮೇಜಿನ ಮೇಲಿನ ನೀರಿನ ಲೋಟ ಕುಲುಕಿತು. ಓದಲು ಶುರು ಮಾಡಿದಳು. ಒಂದೊಂದು ಸಾಲಿಗೂ "ಹೂಂ, ಮುಂದೆ." ಪುಟ ಅರ್ಧ ಮುಗಿದಾಗ ಕಣ್ಣೆತ್ತಿ ಹಾಳೆಯನ್ನು ನೋಡಿದಳು.

ಪುಟಸಂಖ್ಯೆ ಮೇಲಿನ ಮೂಲೆಯಲ್ಲಿರಬೇಕು. ಅದು ಕೆಳಗೆ, ಮಾಸ್ತರ ಅಂಗಿಯ ಗುಂಡಿಯ ಹತ್ತಿರ ಇತ್ತು.

ಅವಳು ಪುಸ್ತಕ ಕೆಳಗಿಟ್ಟಳು. ಬೆರಳು ಇನ್ನೂ ಜಾರುತ್ತಿತ್ತು, ಎಡದಿಂದ ಬಲಕ್ಕೆ, ಅದೇ ಹಗುರ ನಡಿಗೆಯಲ್ಲಿ.

"ಮಾಸ್ತ್ರೇ, ಹಾಳೆ ತಲೆಕೆಳಗಾಗಿದೆ."

ಬೆರಳು ನಿಂತಿತು.

"ಎಷ್ಟು ಹೊತ್ತಿಂದ?"

"ಮೊದಲಿಂದ."

ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ಹೊರಗೆ ಅಚ್ಚಿನ ಯಂತ್ರ ಹಾಳೆಗಳಿಗೆ ಚುಕ್ಕಿ ಹೊಡೆಯುವ ಸದ್ದು ಒಂದೇ ಸಮ ಕೇಳುತ್ತಿತ್ತು.

"ಹೆಬ್ಬೆರಳು, ತೋರುಬೆರಳು, ನಡುಬೆರಳು. ಮೂರೂ ಹೋಗಿವೆ" ಎಂದರು ಕೊನೆಗೆ. "ಮೊದಲು ಜುಮುಜುಮು ಅಂತಿತ್ತು. ನಿದ್ದೇಲಿ ಎದ್ದು ಕೈ ಒದರ್ತಿದ್ದೆ. ಈಗ ತುದಿಗೆ ದಪ್ಪ ಬಟ್ಟೆ ಸುತ್ತಿದ ಹಾಗಿದೆ. ಎಡಗೈಗೂ ಶುರುವಾಗಿದೆ. ಕಿರುಬೆರಳು ಮಾತ್ರ ಗುಂಡುಕಲ್ಲಿನ ಹಾಗೆ ಆರಾಮಾಗಿದೆ. ಏನು ಪ್ರಯೋಜನ, ಅದಕ್ಕೆ ಓದೋಕೆ ಬರಲ್ಲ."

ತಮಾಷೆಯೆಂದು ಹೇಳಿದ್ದು ತಮಾಷೆಯಾಗಿ ಹೊರಬರಲಿಲ್ಲ.

"ಹಾಗಾದ್ರೆ ಇಷ್ಟು ದಿನ?"

"ನಿಮ್ಮ ದನಿ ನಂಬ್ಕೊಂಡು ಹೂಂ ಅಂತಿದ್ದೆ. ನೀವು ಓದಿದ್ದು ಪುಟದಲ್ಲಿ ಇದ್ದೇ ಇರುತ್ತೆ ಅಂತ."

"ಮ್ಯಾನೇಜರ್ ನನ್ನ ಬೈದಾಗ ಬಾಯಿ ಹೊಲ್ಕೊಂಡಿದ್ರಲ್ಲ!"

"ಅದಕ್ಕೆ ಕ್ಷಮೆ ಇಲ್ಲ. ಹೆದರಿಬಿಟ್ಟೆ ರೀ. ಬೆರಳು ಹೋಯ್ತು ಅಂತ ಬಾಯಲ್ಲಿ ಅಂದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು. ನಾಳೆ ಹೋಗಿ ನಾನೇ ಹೇಳ್ತೀನಿ."

ಅವಳಿಗೆ ಸಿಟ್ಟು ಬಂತು, ಅಳು ಬಂತು, ನಡುವೆ ನಾಚಿಕೆಯಿಲ್ಲದೆ ಒಂದು ಸಂತೋಷವೂ ಬಂತು. ಹಾಗಾದರೆ ಅವರು ಬೇಡ ಅಂದಿರಲಿಲ್ಲ! ಆ ಸಾಲು ಅವರನ್ನು ಮುಟ್ಟಿಯೇ ಇರಲಿಲ್ಲ. ಈಗ ಹೇಳಿಬಿಡಬಹುದಿತ್ತು. ಆದರೆ ಬೆರಳು ಮರಗಟ್ಟಿ ಕೂತ ಮನುಷ್ಯನಿಗೆ ಈ ಗಳಿಗೆಯಲ್ಲಿ ಹೇಳಿದರೆ ಮರುಕದಂತೆ ಕೇಳಿಸುತ್ತದೆ. ಮರುಕ ಅಂದರೆ ಅವರು ಎದ್ದುಹೋಗುವ ಜನ. ಇಲ್ಲವೇ ಉಪಕಾರಕ್ಕೆಂದು ಹೂಂ ಅಂದುಬಿಟ್ಟಾರು, ಅದು ಇನ್ನೂ ಕೆಟ್ಟದ್ದು. ಆ ಸಾಲನ್ನು ಅವಳು ಆ ಬೆರಳಿಗೆಂದು ಇಟ್ಟಿದ್ದಳು. ಆ ಬೆರಳೇ ಕಂಡುಹಿಡಿಯಲಿ, ಕಂಡುಹಿಡಿದು ಉತ್ತರ ಕೊಡಲಿ. ಇಲ್ಲವಾದರೆ ಅದು ತನ್ನೊಳಗೇ ಉಳಿಯಲಿ.

"ನಾಳೆ ಮ್ಯಾನೇಜರ್ ಹತ್ರ. ನಾಡಿದ್ದು ಡಾಕ್ಟರ್ ಹತ್ರ" ಎಂದಳು.

"ಡಾಕ್ಟರ್ ಬೇಡ."

"ಕೇಳ್ಲಿಲ್ಲ ನಾನು. ಹೇಳ್ದೆ."

ಡಾಕ್ಟರ ಬಳಿ ಕರೆದುಕೊಂಡು ಹೋಗುವುದೆಂದರೆ ಒಂದು ದಿನ ಹೊರಟುಬಿಟ್ಟರೆ ಮುಗಿಯುವಂಥದ್ದಲ್ಲ, ಅಲೆದು ಅಲೆದು ಸಾಕುಸಾಕಾಗುವಂಥದ್ದು. ಮೊದಲನೆಯ ಡಾಕ್ಟರು ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಮಲಗುವಾಗ ಹಾಕ್ಕೊಳ್ಳಿ ಎಂದು ಕಳಿಸಿದರು. ವಾರಗಟ್ಟಲೆ ಪಟ್ಟಿ ಹಾಕಿದ್ದಾಯಿತು, ಪಟ್ಟಿಯಿಂದ ಮಣಿಕಟ್ಟಿಗೆ ತುರಿಕೆಯಾಯಿತು, ಬೆರಳು ಹಾಗೇ ಇತ್ತು. ಆಮೇಲೆ ಒಂದು ಸೂಜಿ. ಸ್ವಲ್ಪ ದಿನ ಸಡಿಲವಾದಂತಾಗಿ ಮತ್ತೆ ಹಳೆಯ ಕಥೆ. ನರದಲ್ಲಿ ಕರೆಂಟು ಹರಿಸಿ ನೋಡುವ ಪರೀಕ್ಷೆಗೆ ಹೋದ ದಿನ ಯಂತ್ರ ಕೆಟ್ಟಿತ್ತು. ಇನ್ನೊಂದು ದಿನ ಯಂತ್ರವಿತ್ತು, ನಡೆಸುವವರು ರಜೆಯಲ್ಲಿದ್ದರು. ಟೋಕನ್ ಹಿಡಿದು ಬೆಂಚಿನ ಮೇಲೆ ಕೂತು ಕೂತು ಅವಳಿಗೆ ಆ ಆಸ್ಪತ್ರೆಯ ನೆಲದ ಹಾಸುಗಲ್ಲುಗಳೆಲ್ಲ ಪರಿಚಯವಾದವು.

ಕೊನೆಗೆ ಕೈಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಮ್ಮ ಸಿಕ್ಕರು. ಎರಡು ಮೊನೆಯಿರುವ ಒಂದು ಸಣ್ಣ ಸಲಕರಣೆಯನ್ನು ಮಾಸ್ತರ ತೋರುಬೆರಳಿನ ತುದಿಗೆ ಒತ್ತಿ ಕೇಳಿದರು.

"ಒಂದಾ, ಎರಡಾ?"

"ಒಂದು."

ಮೊನೆಗಳನ್ನು ಇನ್ನೂ ಅಗಲಿಸಿದರು. "ಈಗ?"

"ಒಂದು."

ಎರಡು ಮೊನೆಗಳೂ ಚರ್ಮದಲ್ಲಿ ಗುಳಿ ಬೀಳಿಸಿದ್ದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರನ್ನು ನೋಡಿದಳು.

ಡಾಕ್ಟರಮ್ಮ ಬಿಡಿಸಿ ಹೇಳಿದರು. "ಮಣಿಕಟ್ಟಿನಲ್ಲಿ ಮೂಳೆಗಳ ನಡುವೆ ಒಂದು ಕಿರಿದಾದ ಸುರಂಗ ಇದೆ. ಅದರ ಮೇಲೆ ಗಟ್ಟಿ ಪಟ್ಟಿಯೊಂದು ಚಾವಣಿ ಥರ. ಬೆರಳಿಗೆ ಹೋಗೋ ನರ ಆ ಸುರಂಗದೊಳಗೇ ಹೋಗ್ಬೇಕು. ಈಗ ಒಳಗೆ ಜಾಗ ಸಾಲದೆ ನರ ಹಿಂಡಿಹೋಗ್ತಿದೆ. ಕುಯ್ದು ಚಾವಣಿ ಬಿಡಿಸ್ಬೇಕು."

"ಅಂಗೈ ಕುಯ್ತೀರಾ?" ಮಾಸ್ತರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ಇಲ್ಲ. ಮಣಿಕಟ್ಟಿನ ಗೆರೆ ಮೇಲೆ ಒಂದು ಸಣ್ಣ ಗಾಯ, ಉಗುರಿನಗಲ. ಅದರಿಂದ ಪೆನ್ಸಿಲ್‌ಗಿಂತ ಸಣ್ಣ ಕೊಳವೆ ಹೋಗುತ್ತೆ, ಜೊತೆಗೆ ಕ್ಯಾಮೆರಾ. ಟಿವಿಯಲ್ಲಿ ನೋಡ್ಕೊಂಡು ಒಳಗಿಂದಲೇ ಬಿಡಿಸ್ತೀನಿ. ಕೈಗೆ ಮಾತ್ರ ಮರಗಟ್ಟೋ ಸೂಜಿ, ನಿಮಗೆ ಎಚ್ಚರ ಇರುತ್ತೆ. ಅವತ್ತೇ ಮನೆಗೆ ಹೋಗ್ಬಹುದು."

"ಸ್ಪರ್ಶ ವಾಪಸ್ ಬರುತ್ತಾ?"

"ಬಿಗಿ ಸಡಿಲ ಮಾಡೋದು ನನ್ನ ಕೈಲಿದೆ. ನರ ಎಷ್ಟು ಚೇತರಿಸ್ಕೊಳ್ಳುತ್ತೆ ಅನ್ನೋದು ನನ್ನ ಕೈಲಿಲ್ಲ. ತಡ ಮಾಡಿದಷ್ಟೂ ಕಷ್ಟ. ಅಷ್ಟು ಹೇಳಬಲ್ಲೆ."

ಹೊರಗೆ ಬಂದವರೇ ಮಾಸ್ತರು ಮಡಿಚಿದ ಕೋಲು ಬಿಚ್ಚಿಕೊಂಡು ಸರಸರನೆ ಗೇಟಿನ ಕಡೆ ನಡೆದರು. ಅವಳು ಹಿಂದೆ ಓಡಿದಳು.

"ಎಲ್ಲಿಗೆ?"

"ಮನೆಗೆ. ಈಗ ಅರ್ಧ ಹೋಗಿದೆ. ಅವರು ಕುಯ್ದು ಪೂರ್ತಿ ಹೋದ್ರೆ? ಬೆರಳೇ ಕಣ್ಣು ಅಂತೆಲ್ಲ ಹೇಳ್ಬೇಡಿ, ಕೇಳಿ ಕೇಳಿ ಬೇಜಾರಾಗಿದೆ. ಬೆರಳು ಬೆರಳೇ. ಆದ್ರೆ ನನಗಿರೋದು ಅದೊಂದೇ."

"ಅದೊಂದೇನಾ?" ಎಂದಳು ಅವಳು. ಸಿಟ್ಟು ನೆತ್ತಿಗೇರಿತ್ತು. "ಬಿಸಿಲಲ್ಲಿ ಬೆಂಚಿನ ಮೇಲೆ ಕೂತು ನಾನು ಟೋಕನ್ ಕಾದದ್ದು ಏನು, ಹವಾ ಸೇವನೆಗಾ?"

ಅವರು ನಿಂತರು. ಮುಖವನ್ನು ಅವಳ ದನಿಯ ಕಡೆಗೆ ತಿರುಗಿಸಿದರು. "ಆಟೋ ಕರೀರಿ" ಅಂದರು.

ಮಾಸ್ತರ ಅಕ್ಕ ಮನೆಯ ಮುಂಭಾಗದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಗಂಡನನ್ನು ಕಳೆದುಕೊಂಡ ಮೇಲೆ ತಮ್ಮನ ಜೊತೆಗೇ ಇದ್ದವರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಊರಿನ ಸುದ್ದಿಯನ್ನೆಲ್ಲ ಮಾತಾಡಬಲ್ಲವರು. ವಿಷಯ ಕೇಳಿ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟರು.

"ಏನೋ, ನರಕ್ಕೆ ಉಸಿರು ಕಟ್ತಿದೆ ಅಂತೆ, ನೀನು ಬಾಗಿಲು ತೆಗೀಬೇಡಿ ಅಂತೀಯಂತೆ? ತೋಳು ಬಿಗಿಯಾದ್ರೆ ಹೊಲಿಗೆ ಬಿಚ್ಚಲ್ವೇನೋ? ಅಂಗಿ ಹರಿದು ಹೋಗ್ಲಿ ಅಂತ ಕೂತ್ಕೋತೀವಾ?"

"ಅಕ್ಕಾ, ಇದು ಅಂಗಿ ಅಲ್ಲ."

"ಹೌದಪ್ಪ, ಅಂಗಿ ಆಗಿದ್ರೆ ನಿನ್ನ ಕೇಳ್ತಾನೇ ಇರ್ಲಿಲ್ಲ, ಯಾವತ್ತೋ ಬಿಚ್ಚಿರ್ತಿದ್ದೆ." ಆಮೇಲೆ ಅವಳ ಕಡೆ ತಿರುಗಿ, "ನೋಡಮ್ಮ, ಇವನು ಚಿಕ್ಕವನಿದ್ದಾಗ್ಲಿಂದ ಹೀಗೇ. ಬೇಕಾದ್ದನ್ನ ಬಾಯಿಬಿಟ್ಟು ಕೇಳಲ್ಲ. ಎದುರಿಗಿರೋರೇ ತಿಳ್ಕೊಂಡು ಬಡಿಸ್ಬೇಕು" ಎಂದು, ಕತ್ತರಿ ಎತ್ತಿಕೊಂಡು ಅವಳ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು.

ಶಸ್ತ್ರಚಿಕಿತ್ಸೆಯ ದಿನ ಬಾಗಿಲ ಹೊರಗೆ ಅವಳು ಮತ್ತು ಅಕ್ಕ ಕೂತಿದ್ದರು. ಅವಳು ಕಣ್ಣುಮುಚ್ಚಿ ಬೇಡಿಕೊಂಡಳು. ದೇವರೇ, ಆ ಬೆರಳನ್ನು ಅವರಿಗೆ ಹಿಂದಕ್ಕೆ ಕೊಡು. ನನ್ನ ಸಾಲಿನ ವಿಷಯ ಆಮೇಲೆ ನೋಡಿಕೊಳ್ಳೋಣ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸೇರಿಸಿದಳು. ಮರೆತುಬಿಡಬೇಡ ಅಷ್ಟೇ.

ಅಂದುಕೊಂಡದ್ದಕ್ಕಿಂತ ಬೇಗ ಬಾಗಿಲು ತೆರೆಯಿತು. ಕೈಗೆ ಬಿಳಿಯ ಕಟ್ಟು, ಮುಖದಲ್ಲಿ ಬೆವರು. ಅಕ್ಕ ಔಷಧ ತರಲು ಹೋದಾಗ ಮಾಸ್ತರು ಅವಳ ಕಡೆ ವಾಲಿದರು.

"ಒಳಗೆ ಭಯ ಆಗ್ತಿತ್ತು. ಸಲಕರಣೆ ಕಿಟಕಿಟ ಅನ್ನೋದು ಕೇಳಿಸ್ತಿತ್ತು. ಆಗ ಒಂದು ಸಾಲು ಹೇಳ್ಕೊಂಡೆ ಮನಸ್ಸಲ್ಲೇ. ಆ ದೋಣಿ ಕಾದಂಬರೀಲಿ ಬರುತ್ತಲ್ಲ, ಎದುರು ಕುಳಿತವನ ಕೈಗಳನ್ನು ನೋಡುತ್ತ ನೋಡುತ್ತ..."

ಅವಳು ತಟ್ಟನೆ ಅವರ ಕಡೆ ತಿರುಗಿದಳು.

"ಆಚೆ ದಡ ಬಾರದೇ ಇರಲಿ ಅಂತ" ಎಂದು ಅವರೇ ಮುಗಿಸಿದರು. "ಎಂಥ ಮಾತು ಅಲ್ವಾ? ಕೈ ಸರಿಹೋದ ಮೇಲೆ ಲೇಖಕರಿಗೆ ಒಂದು ಕಾಗದ ಬರೀಬೇಕು."

"ಬರೀರಿ."

"ಯಾರನ್ನೋ ತುಂಬ ಪ್ರೀತಿಸಿರ್ಬೇಕು ಆ ಮನುಷ್ಯ."

"ಇರ್ಬೇಕು. ಧಾರಾಳವಾಗಿ ಬರೀರಿ ಕಾಗದ."

"ಯಾಕ್ರೀ ಸಿಡುಕ್ತೀರಿ? ಕೈ ಕುಯ್ಸಿಕೊಂಡಿರೋದು ನಾನು."

ಅವಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ತಾನೇ ಬರೆದ ಪ್ರೇಮಕ್ಕೆ ತಾನೇ ಸವತಿಯಾದ ಹೆಂಗಸು ಲೋಕದಲ್ಲಿ ಬೇರೆ ಯಾರಾದರೂ ಇದ್ದಾರೆಯೇ!

ಗಾಯ ಬೇಗ ಮಾಯಿತು. ರಾತ್ರಿಯ ಜುಮುಜುಮು ನಿಂತಿತು. ಮಣಿಕಟ್ಟಿನ ಗೆರೆಯ ಮೇಲೆ ಉಗುರಿನಗಲದ ಗುರುತೊಂದು ಉಳಿಯಿತು, ಅಷ್ಟೇ. ಆದರೆ ಬೆರಳ ತುದಿ ಮಾತ್ರ ಮಾತಾಡಲಿಲ್ಲ. ಮಾಸ್ತರು ಕೆಲಸಕ್ಕೆ ಬಂದು ಹಾಳೆಯ ಮೇಲೆ ಬೆರಳಿಟ್ಟು ಕೂರುತ್ತಿದ್ದರು. ಚುಕ್ಕಿಗಳೆಲ್ಲ ಕಲಸಿಕೊಂಡು ಮರಳಿನ ಹಾಗಾಗಿವೆ ಎನ್ನುತ್ತಿದ್ದರು. ಡಾಕ್ಟರಮ್ಮ ಕಾಯಿರಿ ಎಂದರು. ಮತ್ತೆ ಹೋದಾಗ ಮತ್ತೆ ಕಾಯಿರಿ ಎಂದರು. ಅಂಗೈಯ ಬುಡ ಒತ್ತಿದರೆ ನೋವು, ಅದಕ್ಕೂ ಕಾಯಿರಿ.

ಮ್ಯಾನೇಜರು ಕಾಯುವ ಜಾತಿಯವರಲ್ಲ. ಮಾಸ್ತರು ತಾವೇ ಹೋಗಿ ಗಣಿತದ ಪುಸ್ತಕದ ತಪ್ಪು ತಮ್ಮದೆಂದು ಹೇಳಿಕೊಂಡ ದಿನ ಅವರು ಅವಳ ಬಳಿ ಬಂದು ಕ್ಷಮೆ ಕೇಳಿದ್ದರು, ನಿಜ. ಆದರೆ ದೋಣಿಯ ಕಾದಂಬರಿ ಇಡೀ ಮತ್ತೆ ಪ್ರೂಫ್ ನೋಡಬೇಕಾಗಿತ್ತು, ಅದು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

"ಕಂಪ್ಯೂಟರಲ್ಲೇ ಒಂದ್ಸಲ ಪ್ರೂಫ್ ನೋಡಿ ಕಳಿಸ್ಬಿಡೋಣಮ್ಮ."

"ಇನ್ನೊಂದು ತಿಂಗಳು ಬಿಡಿ ಸಾರ್."

"ಹೋದ ತಿಂಗಳೂ ಅದೇ ಅಂದ್ರಿ."

"ಈ ತಿಂಗಳೂ ಅದೇ ಅಂತೀನಿ."

ಇದು ಮಾಸ್ತರ ಕಿವಿಗೆ ಬಿತ್ತು. ಆ ದಿನ ಅವರು ಮೇಜಿನ ಮೇಲಿನ ಹಾಳೆಯನ್ನು ಅವಳ ಕಡೆಗೆ ತಳ್ಳಿದರು.

"ನೀವು ಬೇರೆ ಮೇಜಿಗೆ ಹೋಗಿ. ಹೊಸ ಹುಡುಗಿ ಬಂದಿದಾಳೆ, ಚುರುಕು ಬೆರಳು. ಅವಳಿಗೆ ಓದಿ."

"ಯಾಕೆ?"

"ಮರಳು ತಡವೋನ ಮುಂದೆ ಕೂತು ಗಂಟಲು ಯಾಕೆ ಸವೆಸ್ತೀರಿ? ನಿಮ್ಮ ದನಿ ವ್ಯರ್ಥ ಆಗೋದು ನಂಗಿಷ್ಟ ಇಲ್ಲ."

"ವ್ಯರ್ಥ ಆಯ್ತೋ ಇಲ್ವೋ ಅಂತ ಹೇಳೋಳು ನಾನು!" ಅವಳ ದನಿ ಒಡೆಯಿತು. "ಸಾಕು ಮಾಡಿ ಮಾಸ್ತ್ರೇ. ನಮ್ಮಪ್ಪನಿಗೆ ಕೊನೇ ದಿನಗಳಲ್ಲಿ ಕೇಳಿಸ್ತಿತ್ತೋ ಇಲ್ವೋ ಯಾರಿಗೂ ಗೊತ್ತಿರ್ಲಿಲ್ಲ. ಆದ್ರೂ ಓದಿದೆ. ವ್ಯರ್ಥ ಅಂತ ನನಗೆ ಅನ್ನಿಸ್ಲಿಲ್ಲ. ನೀವು ಹೂಂ ಅನ್ನೋಕೆ ಆಗ್ದೇ ಇದ್ರೆ ಸುಮ್ನೆ ಕೂತ್ಕೊಳಿ. ಆದ್ರೆ ನನ್ನ ಬೇರೆ ಮೇಜಿಗೆ ಕಳಿಸ್ಬೇಡಿ."

ಮಾಸ್ತರು ತಾವು ತಳ್ಳಿದ ಹಾಳೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

ಅವಳು ಓದಿದಳು. ಅವರು ಸುಮ್ಮನೆ ಕೂತು ಕೇಳಿದರು. ಹಾಗೇ ದಿನಗಳು ಕಳೆದವು.

ಒಂದು ಬೆಳಗ್ಗೆ ಅವಳು ಮನೆಯಿಂದ ಹೊರಡುವ ಹೊತ್ತಿಗೆ ಫೋನು ಬಡಿದುಕೊಂಡಿತು. ಅಕ್ಕ.

"ಕೇಳಮ್ಮ, ನಿಮ್ಮ ಮಾಸ್ತರು ಮಾಡಿದ ಕೆಲಸಾನ! ಅಂಗಡೀಲಿ ಗಿರಾಕಿ ನಿಂತಿದಾರೆ. ಶುದ್ಧ ಹತ್ತಿ ಬಟ್ಟೆ ಅಂತ ನಾನು ಹೊಗಳ್ತಾ ಇದೀನಿ. ಇವನು ಹಾದು ಹೋಗ್ತಾ ಸುಮ್ನೆ ಮುಟ್ಟಿ, ಅಕ್ಕಾ ಇದ್ರಲ್ಲಿ ಬೇರೆ ನೂಲು ಬೆರೆತಿದೆ ಅಂದ. ಗಿರಾಕಿ ಹೊರಟೇ ಹೋದ್ರು!"

"ಯಾವ ಬೆರಳಲ್ಲಿ ಮುಟ್ಟಿದ್ರು ಅಕ್ಕಾ?"

"ಅದನ್ನ ಹೇಳೋಕೇ ಫೋನ್ ಮಾಡಿದ್ದು ಕಣಮ್ಮ" ಎಂದರು ಅಕ್ಕ. "ಅದೇ ತೋರುಬೆರಳು!"

ಅವಳು ಫೋನಿಟ್ಟು ಅಪ್ಪನ ಫೋಟೋದ ಮುಂದೆ ನಿಂತಳು. ಕೈ ಜೋಡಿಸಿದಳು. ಅಪ್ಪನಿಗೋ ದೇವರಿಗೋ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಸ್ಪರ್ಶ ಹಿಂದಿರುಗಿದ್ದು ಹಬೆ ಹಿಡಿದ ಕನ್ನಡಿ ತಿಳಿಯಾಗುವ ಹಾಗೆ, ಅಂಚಿನಿಂದ ಒಳಕ್ಕೆ. ಮೊದಲು ದೊಡ್ಡ ಅಂತರಗಳು, ಆಮೇಲೆ ಒಂಟಿ ಚುಕ್ಕಿ, ಆಮೇಲೆ ಒತ್ತೊತ್ತಾಗಿ ಕೂತವು. ಹಿಂದಿನ ವೇಗ ಬರಲಿಲ್ಲ. ಮೊದಲು ಸಲೀಸಾಗಿ ಜಾರುತ್ತಿದ್ದ ಬೆರಳು ಈಗ ಒಂದೊಂದು ಅಕ್ಷರದ ಬಳಿ ನಿಂತು ಯೋಗಕ್ಷೇಮ ವಿಚಾರಿಸಿಕೊಂಡು ಹೋಗುತ್ತಿತ್ತು. ಮ್ಯಾನೇಜರು ಗೊಣಗಿಕೊಂಡೇ ದೋಣಿಯ ಕಾದಂಬರಿಯನ್ನು ಕಪಾಟಿನಿಂದ ಇಳಿಸಿದರು.

ಮೊದಲನೆಯ ಅಧ್ಯಾಯದಲ್ಲಿ ಮೂರು ಕಡೆ "ನಿಲ್ಸಿ" ಬಂತು. ಆ ಮಾತು ಇಷ್ಟು ಇಂಪಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಎರಡು, ಮೂರು, ನಾಲ್ಕು. ಐದನೆಯ ಅಧ್ಯಾಯ ಹತ್ತಿರ ಬಂದಂತೆಲ್ಲ ಅವಳ ಓದು ತಡವರಿಸತೊಡಗಿತು.

"ರೇಡಿಯೋ, ಬ್ಯಾಟರಿ ಹೋಗಿದ್ಯಾ?"

"ಇಲ್ಲ. ಓದ್ತೀನಿ."

ಆ ಪುಟ ಬಂತು. ಈ ಸಲ ಪುಸ್ತಕದಲ್ಲಿದ್ದಷ್ಟನ್ನೇ ಓದಬೇಕು. ಅದು ಕೆಲಸದ ಧರ್ಮ. ಅವಳು ಪುಸ್ತಕದ ಮೇಲೆ ಕಣ್ಣು ನೆಟ್ಟಳು.

"ಹುಟ್ಟು ನೀರಿಗೆ ಬಿತ್ತು. ದೋಣಿ ಮೆಲ್ಲಗೆ ತಿರುಗಿತು."

"ನಿಲ್ಸಿ."

ಅವಳು ನಿಂತಳು.

"ಒಂದು ಸಾಲು ಬಿಟ್ರಿ. ನನ್ನ ಸಾಲು ಅದು, ಅದನ್ನೇ ಬಿಟ್ರಿ ನೋಡಿ."

"ಬಿಟ್ಟಿಲ್ಲ."

"ಬಿಟ್ರಿ ರೀ. ಹುಟ್ಟು ನೀರಿಗೆ ಬಿತ್ತು ಆದ್ಮೇಲೆ ಎದುರು ಕುಳಿತವನ ಅಂತ ಬರ್ಬೇಕು. ತಾಳಿ, ಇಲ್ಲೇ ಇದೆ, ತೋರಿಸ್ತೀನಿ."

ಬೆರಳು ಹಾಳೆಯ ಮೇಲೆ ಇಳಿಯಿತು. ಹುಟ್ಟು. ನೀರಿಗೆ. ಬಿತ್ತು. ಮುಂದೆ ಸರಿಯಿತು. ದೋಣಿ. ಬೆರಳು ಅಲ್ಲೇ ತಡೆದು ಹಿಂದಕ್ಕೆ ಬಂತು. ಮತ್ತೆ ನಡೆಯಿತು. ಮೇಲಿನ ಸಾಲನ್ನು ಹುಡುಕಿತು, ಕೆಳಗಿನ ಸಾಲನ್ನು ಹುಡುಕಿತು. ಪುಟದ ತುದಿಯವರೆಗೆ ಹೋಗಿ, ಹಾಳೆ ತಿರುಗಿಸಿ ಅದರ ಬೆನ್ನನ್ನೂ ತಡವಿತು. ಅವಳು ಆ ಬೆರಳನ್ನೇ ನೋಡುತ್ತಿದ್ದಳು. ಈ ಸಲ ಕದ್ದು ನೋಡಲಿಲ್ಲ.

"ಇಲ್ಲಿ ಇಲ್ಲ" ಎಂದರು ಮಾಸ್ತರು, ನಿಧಾನವಾಗಿ.

"ಇಲ್ಲ."

"ನಿಮ್ಮ ಪುಸ್ತಕದಲ್ಲಿ?"

"ಇಲ್ಲೂ ಇಲ್ಲ."

"ಮತ್ತೆ ಎಲ್ಲಿತ್ತು?"

ಅವಳು ಉತ್ತರ ಕೊಡಲಿಲ್ಲ. ಕೊಡಬಾರದೆಂದು ಎಂದೋ ಲೆಕ್ಕ ಹಾಕಿಟ್ಟುಕೊಂಡದ್ದೇ ಅಲ್ಲವೇ? ಹೊರಗಿನ ಯಂತ್ರ ಹಾಳೆ ಬದಲಾಯಿಸಲೆಂದು ನಿಂತಿತು. ಕೋಣೆಯಲ್ಲಿ ಅವಳ ಉಸಿರಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಆ ಉಸಿರು ನೇರವಾಗಿ ಅವರ ಮುಖದ ಕಡೆಗೆ ಬರುತ್ತಿತ್ತು.

ಮಾಸ್ತರ ಮುಖದಲ್ಲಿ ಒಂದೊಂದಾಗಿ ಎಲ್ಲ ಹಾದುಹೋದವು. ಹವಾಮಾನ ವರದಿಯ ದಿನಗಳು, ಬಿಸಿಲಿನ ಬೆಂಚು, ಧಾರಾಳವಾಗಿ ಬರೀರಿ ಎಂದ ಸಿಡುಕು.

"ಅಯ್ಯೋ, ಲೇಖಕರು ಚೆನ್ನಾಗಿ ಬರ್ದಿದಾರೆ ಅಂದ್ನಲ್ರೀ ನಾನು" ಎಂದರು.

"ಅಂದ್ರಿ."

"ಮುಂದೆ ಅಂದೆ."

"ಅದನ್ನೂ ಅಂದ್ರಿ."

"ಬೈಲಿಲ್ವಲ್ಲ ನೀವು!"

"ಬೈದಿದೀನಿ. ಮನೇಲಿ, ದಿನಾ."

ಅವರು ನಕ್ಕರು. ನಗುತ್ತಿದ್ದಂತೆ ಕಣ್ಣಲ್ಲಿ ನೀರು ತುಂಬಿತು. ಮೇಜಿನ ಮೇಲೆ ಕೈ ಚಾಚಿದರು. ಹಾಳೆಯನ್ನು ದಾಟಿ, ಪುಸ್ತಕವನ್ನು ದಾಟಿ, ಆ ಕೈ ಅವಳ ಕೈಯನ್ನು ಹುಡುಕಿ ಹಿಡಿಯಿತು. ತೋರುಬೆರಳಿನ ತುದಿ ಅವಳ ಅಂಗೈಯ ಗೆರೆಯ ಮೇಲೆ, ಹಿಂದೆ ಹಾಳೆಯ ಮೇಲೆ ಇಳಿಯುತ್ತಿದ್ದಷ್ಟೇ ಹಗುರವಾಗಿ ಇಳಿಯಿತು.

"ಆ ಸಾಲು ಇನ್ನೊಂದ್ಸಲ ಓದಿ."

ಅವಳು ಪುಸ್ತಕ ಮುಚ್ಚಿದಳು. ಆ ಮೇಜಿಗೆ ಬಂದ ಮೇಲೆ ಮೊದಲ ಬಾರಿಗೆ, ಕಣ್ಣೆದುರು ಯಾವ ಪುಟವೂ ಇಲ್ಲದೆ ಓದಿದಳು. "ಎದುರು ಕುಳಿತವನ ಕೈಗಳನ್ನು ನೋಡುತ್ತ ನೋಡುತ್ತ, ಆಚೆ ದಡ ಬಾರದೇ ಇರಲಿ ದೇವರೇ ಎಂದು ಅವಳು ಬೇಡಿಕೊಂಡಳು."

"ಹೂಂ" ಅಂದರು ಮಾಸ್ತರು.

ಅವಳು ಕಾದಳು. ಹೊರಗೆ ಯಂತ್ರ ಮತ್ತೆ ಶುರುವಾಯಿತು. ಅವರು ಮುಂದೆ ಎನ್ನಲಿಲ್ಲ.